ಮಾಮಾ ಹಿಡಿದ ಟೆಂಪೋ

ಇಚಲಕರಂಜಿಯಲ್ಲಿ ನಮ್ಮದು ನೂಲಿನ ಅಂಗಡಿ. ನಮ್ಮ ಮನೆತನದಲ್ಲಿ ಮೀನು ತಿಂದವರಿಲ್ಲ. ಮೀನಿನ ಮಾತೆತ್ತಿದರೂ ಸಾಕು, ಅವ್ವ ಸೆರಗಿನಿಂದ ಮೂಗು ಮುಚ್ಚಿಕೊಳ್ಳುತ್ತಾಳೆ. ಹೀಗಿದ್ದೂ ನನಗೆ ಗಾಳ ಹಾಕುವ ಹುಚ್ಚು ಎಲ್ಲಿಂದ ಅಂಟಿತೋ ತಿಳಿಯದು. ಹಿಡಿದ ಮೀನನ್ನು ಮತ್ತೆ ನೀರಿಗೆ ಬಿಡುತ್ತೇನೆ, ಇಲ್ಲವೇ ಯಾರಿಗಾದರೂ ಕೊಟ್ಟುಬಿಡುತ್ತೇನೆ. ಅವ್ವನ ಪ್ರಕಾರ ಇದು ತಿನ್ನುವುದಕ್ಕಿಂತಲೂ ಕೆಟ್ಟದ್ದು.

"ಹೊಟ್ಟಿಗೆ ಬೇಕಂತ ಕೊಂದ್ರ ದೇವರಿಗೆ ತಿಳೀತೈತಿ" ಎನ್ನುತ್ತಾಳೆ. "ನೀ ಆ ಮೂಕಪ್ರಾಣಿ ಬಾಯಿ ಚುಚ್ಚಿ, ಅದರ ಮಾರಿ ನೋಡಿ, ಹೋಗಿ ಬಾರಪ್ಪಾ ಅಂತ ಕಳಸ್ತಿ. ಇದ್ಯಾವ ಧರ್ಮ?"

ಈ ಪ್ರಶ್ನೆ ಬಂದಾಗಲೆಲ್ಲ ನಾನು ಅಂಗಡಿಯ ಲೆಕ್ಕದ ವಹಿ ತೆರೆಯುತ್ತೇನೆ.

ಈ ಹುಚ್ಚಿನಲ್ಲಿ ನನಗೆ ಇಬ್ಬರು ಜೊತೆಗಾರರು. ಒಬ್ಬ ಜಾಬರ್. ಕೆಟ್ಟು ನಿಂತ ಮಗ್ಗಗಳನ್ನು ದುರಸ್ತಿ ಮಾಡುವವನನ್ನು ನಮ್ಮೂರಲ್ಲಿ ಹಾಗೆ ಕರೆಯುತ್ತಾರೆ. ಹುಡುಗನಾಗಿದ್ದಾಗಿನಿಂದ ಮಗ್ಗಗಳ ಖಟಖಟ ಸದ್ದಿನಲ್ಲೇ ಬೆಳೆದವನಾದ್ದರಿಂದ ಗುಟ್ಟು ಹೇಳುವಾಗಲೂ ಕೂಗಿಯೇ ಹೇಳುತ್ತಾನೆ. ಅವನ ಮನೆಯವರು ಬೌದ್ಧರು, ಮೀನು ತಿನ್ನುವವರು. ನಾನು ಕೊಡುವ ಮೀನು ಬಹುಪಾಲು ಅವನ ಮನೆಗೇ ಹೋಗುತ್ತದೆ. ಇನ್ನೊಬ್ಬರು ಅವ್ವನ ಅಣ್ಣ, ನನ್ನ ಸೋದರಮಾವ. ನಾನಷ್ಟೇ ಅಲ್ಲ, ಜಾಬರನೂ ಅವರನ್ನು ಮಾಮಾ ಎಂದೇ ಕರೆಯುತ್ತಾನೆ. ಗಡಹಿಂಗ್ಲಜದ ಹತ್ತಿರ ಹಿರಣ್ಯಕೇಶಿ ದಂಡೆಯ ಮೇಲೆ ಅವರ ಕಬ್ಬಿನ ಹೊಲ. ಹಣೆಯ ತುಂಬ ವಿಭೂತಿ, ಕೊರಳಲ್ಲಿ ಲಿಂಗ, ದನದ ಕೊಟ್ಟಿಗೆಯ ಅಟ್ಟದ ಮೇಲೆ ಗೋಣಿಚೀಲದಲ್ಲಿ ಸುತ್ತಿಟ್ಟ ಗಾಳದ ಕೋಲು. "ಪಂಪ್ ನೋಡಿ ಬರ್ತೇನಿ" ಎಂದು ಮನೆಯಲ್ಲಿ ಹೇಳಿ ಅವರು ನದಿಗೆ ಹೋಗುತ್ತಿದ್ದರು. ಆ ಪಂಪಿಗೆ ಸಿಕ್ಕಷ್ಟು ಕಾಳಜಿ ನಮ್ಮ ಕುಲದಲ್ಲಿ ಯಾವ ಹೆಂಡತಿಗೂ ಸಿಕ್ಕಿರಲಿಕ್ಕಿಲ್ಲ.

ಮಳೆಗಾಲ ಬಂತೆಂದರೆ ನಾವು ಮೂವರೂ ಅನಾಥರು. ಪಂಚಗಂಗೆ ಕೆಂಪು ಚಹಾದಂತೆ ಉಕ್ಕಿ ಬರುತ್ತಾಳೆ. ಅತ್ತ ಹಿರಣ್ಯಕೇಶಿಯ ದಂಡೆ ಎಲ್ಲಿ ಮುಗಿಯಿತು, ಹೊಲ ಎಲ್ಲಿ ಸುರುವಾಯಿತು ಎಂಬುದು ಹೊಲದ ಯಜಮಾನನಿಗೂ ತಿಳಿಯುವುದಿಲ್ಲ. ಅದರ ಬೆನ್ನಿಗೇ ಶ್ರಾವಣ. ನಮ್ಮ ಮನೆಯಲ್ಲಿ ಸೋಮವಾರದ ಉಪವಾಸ. ಜಾಬರನ ಮನೆಯಲ್ಲಿ ವರ್ಷಾವಾಸ, ಅಂದರೆ ಸಂಜೆಯಾದರೆ ವಿಹಾರದಲ್ಲಿ ಗ್ರಂಥ ಓದುವ ಕಾಲ. ಮಳೆ ಮುಗಿಯುವ ತನಕ ಗಾಳ ಮುಟ್ಟಕೂಡದು ಎಂದು ಅವನ ಹೆಂಡತಿಯ ಅಪ್ಪಣೆ. ಮಾಮಾನದು ಇನ್ನೂ ಕಷ್ಟ. ಮಹಾಪೂರಕ್ಕೆ ಹೆದರಿ ನದಿಯಿಂದ ಪಂಪ್ ಎತ್ತಿ ತಂದು ಕೊಟ್ಟಿಗೆಯಲ್ಲಿ ಎಮ್ಮೆಯ ಪಕ್ಕ ಇಟ್ಟಿರುತ್ತಾರೆ. ಮನೆಯಲ್ಲೇ ಇರುವ ಪಂಪನ್ನು ನೋಡಲು ಹೊರಗೆ ಹೋಗುವುದು ಹೇಗೆ?

ಆ ವರ್ಷ ಮಾಮಾ ಮೊಣಕಾಲಿಗೆ ನೋವು ತಂದುಕೊಂಡರು. ಆ ನೋವಿಗೆ ಎಣ್ಣೆ ಹಚ್ಚಿ ತಿಕ್ಕುವ ಮನುಷ್ಯ ಇಚಲಕರಂಜಿಯಲ್ಲಿ ಮಾತ್ರ ಇದ್ದಾನೆ ಎಂದು ಮಾಮಿಗೆ ಹೇಳಿ, ಎಸ್ಟಿ ಬಸ್ಸು ಹಿಡಿದು ನಮ್ಮಲ್ಲಿಗೆ ಬಂದು ಬೀಡುಬಿಟ್ಟರು. ಗೋಣಿಚೀಲವೂ ಜೊತೆಗೆ ಬಂತು. ಎಣ್ಣೆಯವನು ಯಾರೆಂದು ನಾನು ಕೇಳಲಿಲ್ಲ.

ನಮ್ಮ ಅಂಗಡಿಯ ಹಿಂದೆ ಒಂದು ಮಗ್ಗದ ಶೆಡ್ಡು ಇದೆ. ಅದರ ಮೇಲಿನ ಬಯಲು ಗಚ್ಚಿಯ ಅರ್ಧಕ್ಕೆ ತಗಡಿನ ಛಪ್ಪರ. ಮಧ್ಯಾಹ್ನದ ಹೊತ್ತು ಅಲ್ಲಿ ನಮ್ಮ ಮೂವರ ದರ್ಬಾರು. ನೀರಿಲ್ಲದೆ ಮೀನು ಹಿಡಿಯುವ ಕಲೆಯನ್ನು ನಾವು ಅಲ್ಲಿ ಎಷ್ಟು ಬೆಳೆಸಿದೆವೆಂದರೆ ನೀರಿದ್ದಾಗಲೂ ಅಷ್ಟು ಶ್ರದ್ಧೆ ತೋರಿಸಿರಲಿಲ್ಲ. ಮೊದಲು ಬಕೆಟ್ಟಿನಲ್ಲಿ ಸೀಸದ ಗುಂಡು ಎಸೆಯುವ ಪಂದ್ಯ ನಡೆಯಿತು. ಆಮೇಲೆ ಗಾಳದ ದಾರಕ್ಕೆ ಕಟ್ಟಿ ತೇಲಿಬಿಡುತ್ತಿದ್ದ, ಈಗ ಮುರಿದುಹೋದ ಒಂದು ಹಳೆಯ ಬೆಂಡಿಗಾಗಿ ಶೋಕಸಭೆ. ಮಾಮಾ ಅಧ್ಯಕ್ಷರು, "ಮುಳುಗಬೇಕಾದಾಗ ಮುಳುಗ್ಲಿಲ್ಲ, ಮುಳುಗಬಾರದಾಗ ಮುಳುಗಿದ, ಆದ್ರೂ ನಮ್ಮಂವ ಇದ್ದ" ಎಂದು ಗಂಭೀರವಾಗಿ ಮಾತಾಡಿದರು. ಅದೂ ಬೇಜಾರಾದ ಮೇಲೆ ಜಾಬರ್ ತಾನೇ ಮೀನಾದ. ಗಾಳದ ದಾರವನ್ನು ಸೊಂಟದ ಪಟ್ಟಿಗೆ ಕಟ್ಟಿಕೊಂಡು ಗಚ್ಚಿಯ ತುಂಬ ಓಡಿದ.

"ನಾ ಈಗ ಕಲ್ಲಿನ ಬುಡಕ ಹೊಂಟೇನ್ರಿ ಮಾಮಾ" ಎಂದು ಕೂಗಿ ನೀರಿನ ಟಾಕಿಯನ್ನು ಸುತ್ತಿಹಾಕಿದ.

"ಮೀನ ಹೇಳಿ ಹೋಗೂದಿಲ್ಲೋ" ಎಂದರು ಮಾಮಾ, ರೀಲು ತಿರುಗಿಸುತ್ತಾ.

"ನಾ ಸಂಸ್ಕಾರ ಇದ್ದ ಮೀನ ಅದೇನ್ರಿ."

ಎಷ್ಟು ಎಳೆದರೂ ಅವನು ದಣಿಯಲಿಲ್ಲ. ಕೊನೆಗೆ ನಾನು ಕೆಳಗಿನಿಂದ ಚಹಾ ತರಿಸಿದೆ; ಕಪ್ಪು ಕಂಡದ್ದೇ ದಡಕ್ಕೆ ತಾನಾಗಿ ಬಂದ. ಒಳ್ಳೆಯ ಮೇವು ಹಾಕಿದರೆ ಜೋರು ಬೇಕಾಗಿಲ್ಲ ಎಂದು ಮಾಮಾ ಇದರಿಂದ ಒಂದು ನೀತಿಯನ್ನೂ ಹೊರಡಿಸಿದರು.

ನಮ್ಮ ಗಚ್ಚಿಯ ಎದುರಿಗೆ, ಸಣ್ಣ ಓಣಿಯ ಆಚೆ, ಗುರೂಜಿಯ ಮನೆ. ಅವರು ನಿವೃತ್ತ ಮುಖ್ಯ ಮಾಸ್ತರರು. ಮನೆಮಾತು ಮರಾಠಿ, ನಿಪಾಣಿ ಕಡೆಯ ಶಾಲೆಗಳಲ್ಲಿ ಕಲಿಸುವಾಗ ಕನ್ನಡ ಕಲಿತವರು. ಹೆಂಡತಿ ತೀರಿಕೊಂಡ ಮೇಲೆ ಮಗ-ಸೊಸೆಯ ಜೊತೆ ಇದ್ದರು. ಮಗ್ಗಗಳ ಸದ್ದಿನ ಬಗ್ಗೆ ನಗರಪಾಲಿಕೆಗೆ ದೂರು ಕೊಡುವುದು ಮತ್ತು ತಮ್ಮ ಬಿಳಿ ಟೋಪಿಗಳನ್ನು ತಾವೇ ಒಗೆದು, ಗರಿಗರಿಯಾಗಿ ನಿಲ್ಲಲು ಖಂಜಿ ಹಾಕಿ ಒಣಗಿಸುವುದು, ಇವೆರಡೂ ಅವರು ಯಾರಿಗೂ ಬಿಟ್ಟುಕೊಡದ ಕೆಲಸಗಳು. ಮಳೆ ಬಿಡುವು ಕೊಟ್ಟ ದಿನ ಅವರ ಗಚ್ಚಿಯ ತಂತಿಯ ಮೇಲೆ ಟೋಪಿಗಳು ಕೊಕ್ಕರೆಗಳಂತೆ ಸಾಲಾಗಿ ಕೂತಿರುತ್ತಿದ್ದವು.

ಅಂಥ ಒಂದು ಬಿಡುವಿನ ಮಧ್ಯಾಹ್ನ ಜಾಬರ್ ಆ ಕಡೆ ನೋಡಿ, "ಮಾಮಾ, ಬಕೆಟ್ಟಿನಾಗ ಗುಂಡ ಒಗಿಯೂದು ಹುಡುಗ್ರ ಆಟ. ಆ ಕಡೀ ಟೋಪಿ ತಗದು ತೋರಸ್ರಿ" ಎಂದ.

"ಗುರೂಜಿ ಟೋಪಿನ?" ಎಂದೆ ನಾನು. "ಬ್ಯಾಡ ಮಾಮಾ. ಅವರು ನಮ್ಮ ಮ್ಯಾಲೆ ಮೊದ್ಲ ಸಿಟ್ಟಾಗ್ಯಾರ."

"ತಗೊಂಡು ಹೊಳ್ಳಿ ಇಡೂದಲ" ಎಂದರು ಮಾಮಾ. "ನಾನೂ ನೀನೂ ಮೀನಾನ ಹೊಳ್ಳಿ ಬಿಡತೇವಿ. ಟೋಪಿ ಬಿಡೂದಿಲ್ಲೇನು?"

ಗಾಳದ ಮುಳ್ಳು ತೆಗೆದು, ಬಟ್ಟೆ ಹರಿಯಬಾರದೆಂದು ಬಾಗಿಸಿದ ತಂತಿಯ ತುಂಡೊಂದನ್ನು ಕಟ್ಟಿದರು. ಎದ್ದು ನಿಂತು ಮೊಣಕಾಲು ಮಡಚಿ ಬಿಚ್ಚಿದರು. ನೋವು ಎಲ್ಲಿಯೂ ಕಾಣಲಿಲ್ಲ. ಕೋಲನ್ನು ಹಿಂದಕ್ಕೆ ಒಯ್ದು ಬೀಸಿದರು. ಅವರನ್ನು ನಾನು ನದಿಯ ಮೇಲೆ ನೋಡಿದವನು. ಅಲ್ಲಿ ಅವರ ಗಾಳ ಬೀಳುವುದು ಜಾಲಿಗಿಡದಲ್ಲಿ, ಇಲ್ಲವೇ ಸ್ವಂತ ಧೋತರದಲ್ಲಿ. ಆ ದಿನ ಮಾತ್ರ ದಾರ ಓಣಿಯನ್ನು ದಾಟಿ, ತಂತಿಯ ಆಚೆ ಬಿದ್ದು, ಎಳೆದಾಗ ಕಡೆಯ ಟೋಪಿಯ ಅಂಚಿಗೆ ಮೆತ್ತಗೆ ಸಿಕ್ಕಿತು.

ಟೋಪಿ ತಂತಿಯಿಂದ ಕಳಚಿಕೊಂಡು ಹಾರಿತು. ಹಾರಿ, ನಮ್ಮ ಕಡೆ ಬರುವ ಬದಲು ಓಣಿಯೊಳಗೆ ಇಳಿಯಿತು. ಅದೇ ಹೊತ್ತಿಗೆ ಬಟ್ಟೆಯ ತಾನುಗಳನ್ನು ಹೇರಿಕೊಂಡ ಒಂದು ಟೆಂಪೋ ಆ ಓಣಿಯಲ್ಲಿ ಹಾದುಹೋಗುತ್ತಿತ್ತು. ಹೇರಿನ ಮೇಲೆ ತಾಡಪತ್ರಿ, ತಾಡಪತ್ರಿಯ ಮೇಲೆ ಹಗ್ಗ. ತಂತಿಯ ಕೊಕ್ಕೆ ಹಿಂದೆ ಇಳಿಬಿದ್ದಿದ್ದ ಆ ಹಗ್ಗದ ತುದಿಗೆ ಬಿಗಿಯಾಗಿ ಕಚ್ಚಿಕೊಂಡಿತು. ಟೆಂಪೋ ನಡೆಯಿತು. ರೀಲು ಚೀರಿತು.

ಅಂಥ ಚೀರು ಮಾಮಾನ ರೀಲು ಹುಟ್ಟಿದಾಗಿನಿಂದ ಚೀರಿರಲಿಲ್ಲ. ಅವರ ಮುಖದ ಮೇಲೆ ಹೆದರಿಕೆ ಕಾಣುತ್ತದೆಂದು ನಾನು ನೋಡಿದೆ. ಅಲ್ಲಿ ಇದ್ದದ್ದು ಭಕ್ತಿ.

"ದಾರ ಕೊಯ್ರಿ ಮಾಮಾ" ಎಂದೆ.

"ಕಚ್ಚಿದ್ದನ್ನ ಕೊಯ್ಯೂದಿಲ್ಲ" ಎಂದರು.

ಡ್ರೈವರನಿಗೆ ಕೂಗೋಣವೆಂದರೆ ಓಣಿಯ ಎರಡೂ ಕಡೆ ಮಗ್ಗಗಳು ಹೊಡೆದುಕೊಳ್ಳುತ್ತಿದ್ದವು. ಆ ಸದ್ದಿನಲ್ಲಿ ಮನೆ ಬಿದ್ದರೂ ಕೇಳುವುದಿಲ್ಲ. ಮಾಮಾ ಕೋಲನ್ನು ಎತ್ತಿ ಹಿಡಿದುಕೊಂಡು, ದಾರ ಬಿಡುತ್ತಾ, ಹೊರಗಿನ ಕಬ್ಬಿಣದ ಮೆಟ್ಟಿಲಿಳಿದರು. ನಾನು ಬೈಕು ಸುರು ಮಾಡಿದೆ. ಅವರು ಹಿಂದೆ ಕೂತರು, ಅವರ ಹಿಂದೆ ಜಾಬರ್. ಮಳೆ ಬಂದರೆ ಇರಲಿ ಎಂದು ಅವನು ಛತ್ರಿಯನ್ನೂ ತಂದಿದ್ದ.

ಇಚಲಕರಂಜಿಯ ರಸ್ತೆಯ ಮೇಲೆ ಒಂದೇ ಬೈಕಿನಲ್ಲಿ ಮೂವರು ಹೋಗುವುದು ಯಾರಿಗೂ ಹೊಸದಲ್ಲ. ಆದರೆ ನಡುವಿನವನು ಗಾಳದ ಕೋಲು ಬಾಗಿಸಿ ಹಿಡಿದಿದ್ದರೆ ಜನ ನೋಡುತ್ತಾರೆ. ಸೈಕಲ್ಲಿನ ಮೇಲೆ ಪಾಳಿಗೆ ಹೊರಟ ಮಗ್ಗದ ಕೆಲಸಗಾರರು ಒಂದು ಕಾಲು ನೆಲಕ್ಕೆ ಊರಿ ನಿಂತರು. ಹಣ್ಣಿನ ಗಾಡಿಯವನು ದಾರ ಕಾಣದೆ ಅಡ್ಡ ಬರುತ್ತಿದ್ದವನು ಜಾಬರನ ಕೂಗಿಗೆ ಬೆಚ್ಚಿ ಹಿಂದೆ ಸರಿದ. ಮಾಮಾ ನನ್ನ ಕಿವಿಯಲ್ಲಿ "ಸಾವಕಾಶ, ಸಾವಕಾಶ, ಸಡ್ಲ ಬಿಡು" ಎನ್ನುತ್ತಲೇ ಇದ್ದರು. ಬೈಕಿಗೆ ಹೇಳಿದರೋ ತಮಗೆ ತಾವೇ ಹೇಳಿಕೊಂಡರೋ ನನಗೆ ತಿಳಿಯಲಿಲ್ಲ. ಮುಂದೆ, ಟೆಂಪೋದ ಹಿಂಬದಿಯಲ್ಲಿ, ಗುರೂಜಿಯ ಟೋಪಿ ಜೋತುಬಿದ್ದು, ಪ್ರತಿ ತಗ್ಗಿಗೂ ಕೆಸರಿನಲ್ಲಿ ಅದ್ದಿ ಅದ್ದಿ ಏಳುತ್ತಿತ್ತು.

ದೊಡ್ಡ ರಸ್ತೆ ಸೇರುವಲ್ಲಿ ಎಮ್ಮೆಗಳ ಹಿಂಡು ಅಡ್ಡ ಬಂದು ಟೆಂಪೋ ನಿಂತಿತು. ಮಾಮಾ ಬೈಕಿನಿಂದಿಳಿದು ರೀಲು ಸುತ್ತುತ್ತಾ, ಸಣ್ಣ ಸಣ್ಣ ಹೆಜ್ಜೆ ಇಡುತ್ತಾ ಅದರ ಹತ್ತಿರ ಹೋದರು. ಅಷ್ಟರಲ್ಲಿ ಜನ ಸೇರಿದ್ದರು. ಒಬ್ಬ ಮುದುಕ "ಕಾಯ್ ಲಾಗಲಂಯ ರೇ ಗಳಾಲಾ?" ಎಂದು ಕೇಳಿದ. ಗಾಳಕ್ಕೆ ಏನು ಬಿತ್ತು ಎಂದು.

"ಟೆಂಪೋ ಬಿದ್ದೈತ್ರಿ" ಎಂದ ಜಾಬರ್. "ಮಳಿಗಾಲದಾಗ ಇವು ಮ್ಯಾಲ ಬರತಾವ."

ಡ್ರೈವರ್ ಕಿಟಕಿಯಿಂದ ತಲೆ ಹೊರಗೆ ಹಾಕಿ, ತನ್ನ ಗಾಡಿಗೆ ದಾರ ಕಟ್ಟಿಕೊಂಡು ನಿಂತಿದ್ದ ವಿಭೂತಿಯ ಮನುಷ್ಯನನ್ನು ನೋಡಿದ. ಸಿಟ್ಟಾಗಬೇಕೋ ಕೈಮುಗಿಯಬೇಕೋ ಅವನಿಗೆ ಹೊಳೆಯಲಿಲ್ಲ. ಮಾಮಾ ಅವನಿಗೆ ಕೈ ತೋರಿಸಿ, "ಹಾಂಗ ನಿಂದರು, ಅಲಗ್ಯಾಡಬ್ಯಾಡ" ಎಂದರು. ಅವನು ಅಲುಗಾಡಲಿಲ್ಲ. ಮಾಮಾ ಕೊಕ್ಕೆ ಬಿಡಿಸಿ, ಟೋಪಿ ತೆಗೆದುಕೊಂಡು, ಟೆಂಪೋದ ಬೆನ್ನಿಗೆ ಎರಡು ಸಲ ಮೆಲ್ಲಗೆ ತಟ್ಟಿ ಹೋಗಲು ಬಿಟ್ಟರು. ಜನ ಚಪ್ಪಾಳೆ ಹೊಡೆದರು. ಯಾರೋ ಮೊಬೈಲು ಎತ್ತಿ ಹಿಡಿದದ್ದನ್ನು ನಾನು ಕಂಡೆ, ಆದರೆ ಆಗ ಅದರ ಪರಿಣಾಮ ಗೊತ್ತಾಗಲಿಲ್ಲ.

ಈಗ ಟೋಪಿಯ ಪ್ರಶ್ನೆ. ಅದರ ಮೇಲೆ ಕೆಸರು, ಗಾಡಿಯ ಹೊಗೆ, ಎಣ್ಣೆ ಎಲ್ಲವೂ ಇದ್ದವು. ಜಾಬರ್ ಅದನ್ನು ತನ್ನ ಮನೆಗೆ ಒಯ್ದು ಸೋಡಾ ಹಾಕಿ ತಿಕ್ಕಿ ಬೆಳ್ಳಗೆ ಮಾಡಿದ. ಆದರೆ ಖಂಜಿ ಹೋಗಿ ಟೋಪಿ ಒದ್ದೆ ರೊಟ್ಟಿಯಂತೆ ಜೋಲುಬಿದ್ದಿತ್ತು.

"ಚಿಂತಿ ಮಾಡಬ್ಯಾಡ್ರಿ" ಎಂದ ಜಾಬರ್. "ಇಡೀ ಊರಿನ ನೂಲಿಗೆ ಖಂಜಿ ಹಾಕ್ತಾರ, ಒಂದ ಟೋಪಿಗೆ ಹಾಕೂದಿಲ್ಲೇನು?"

ಅವನು ಹೇಳಿದ್ದು ಸೈಜಿಂಗ್ ಕಾರ್ಖಾನೆಯ ಮಾತು. ಮಗ್ಗಕ್ಕೆ ಏರಿಸುವ ಮುಂಚೆ ನೂಲನ್ನು ಕುದಿಯುವ ಖಂಜಿಯಲ್ಲಿ ಅದ್ದಿ, ಉಗಿಯಿಂದ ಕಾಯ್ದ ದೊಡ್ಡ ಉರುಳೆಗಳ ಮೇಲೆ ಒಣಗಿಸುತ್ತಾರೆ. ಅಲ್ಲಿ ಅವನ ಪರಿಚಯದವರಿದ್ದರು. ಟೋಪಿ ಖಂಜಿಯಲ್ಲಿ ಮುಳುಗಿ ಎದ್ದು, ಬಿಸಿ ಉರುಳೆಗೆ ಅಂಟಿಕೊಂಡು ಒಂದು ಸುತ್ತು ಹೋಗಿ ಬಂದಾಗ ಅದು ಟೋಪಿಯಾಗಿ ಉಳಿದಿರಲಿಲ್ಲ, ತಗಡಾಗಿತ್ತು. ಉಗುರಿನಿಂದ ಬಾರಿಸಿದರೆ ಟಣ್ ಎನ್ನುತ್ತಿತ್ತು. ಅದರ ಅಂಚಿನಿಂದ ಸವತೆಕಾಯಿ ಹೆಚ್ಚಬಹುದಿತ್ತು.

ಸಂಜೆಯೊಳಗೆ ಅದನ್ನು ತಂತಿಯ ಮೇಲೆ ಮರಳಿ ಇಡಬೇಕು. ಗುರೂಜಿಯ ಸೊಸೆ ತರಕಾರಿ ತರಲು ಹೋದದ್ದನ್ನು ನೋಡಿ ಜಾಬರ್ ಅವರ ಗಚ್ಚಿಗೆ ಹತ್ತಿ ಇಟ್ಟು ಬಂದ. ನಾವು ಬದುಕಿದೆವು ಎಂದುಕೊಂಡೆವು.

ಮರುದಿನ ಬೆಳಿಗ್ಗೆ ಗುರೂಜಿ ಆ ಟೋಪಿಯನ್ನೇ ಹಾಕಿಕೊಂಡು ನಮ್ಮ ಅಂಗಡಿಗೆ ಬಂದರು. ಅದು ಅವರ ತಲೆಯ ಮೇಲೆ ಕೂತಿರಲಿಲ್ಲ, ನಿಂತಿತ್ತು. ಹಣೆಯ ಮೇಲೆ ಕೆಂಪು ಗೆರೆ ಎದ್ದಿತ್ತು.

"ಕಾಯ್ ರೇ, ಮೂವರೂ ಇದ್ದೀರಲ್ಲ, ಬರೋಬ್ಬರಿ ಆತು" ಎಂದರು. "ನಿನ್ನೆ ನಾನು ಖಿಡಕಿಯೊಳಗ ನಿಂತಿದ್ದೆ. ಟೋಪಿ ಹೋಗೂದು ನೋಡೇನಿ. ಬರೂದೂ ನೋಡೇನಿ. ನಡುವ ಏನಾತಂತ ಊರೆಲ್ಲಾ ಮೊಬೈಲ್‌ನ್ಯಾಗ ನೋಡೇತಿ."

ಮಾಮಾ ಎದ್ದು ನಿಂತು ಕೈ ಕಟ್ಟಿಕೊಂಡರು. ಗಡಹಿಂಗ್ಲಜದ ಕಡೆ ತಮ್ಮ ಮಾತಿಗೆ ಪಂಚಾಯಿತಿಯೇ ಕಾಯುತ್ತದೆಂದು ಹೇಳಿಕೊಳ್ಳುತ್ತಿದ್ದ ಮನುಷ್ಯ ನಾಲ್ಕನೆಯ ಇಯತ್ತೆಯ ಹುಡುಗನ ಮಟ್ಟಕ್ಕೆ ಇಳಿದಿದ್ದರು.

"ತಪ್ಪಾತ್ರಿ ಗುರೂಜಿ."

"ಯಾ ಊರು? ಮನ್ಯಾಗ ಯಾರದಾರ? ಫೋನ್ ನಂಬರ್ ಕೊಡ್ರಿ."

ಊರು ಹೇಳಿದರು. ಫೋನ್ ನಂಬರ್ ಎಂದದ್ದೇ ಮಾಮಾ ಬೆವತರು. "ಮನಿಗ್ಯಾಕ್ರಿ, ನೀವ ಏನ ಶಿಕ್ಷಾ ಕೊಡ್ತೀರಿ ಕೊಡ್ರಿ" ಎಂದರು.

ಗುರೂಜಿ ಶಿಕ್ಷೆಯನ್ನು ಮೊದಲೇ ಯೋಚಿಸಿಕೊಂಡು ಬಂದಿದ್ದರೆಂದು ನನ್ನ ಗುಮಾನಿ. ಶ್ರಾವಣದಲ್ಲಿ ಅವರ ಮನೆಯಲ್ಲಿ ಸಂಜೆ ಪೋಥಿ, ಅಂದರೆ ಮರಾಠಿ ಪುರಾಣದ ಪುಸ್ತಕ, ಓದುವ ಪದ್ಧತಿ ಇತ್ತು. ಓಣಿಯ ಹೆಂಗಸರು ಕೇಳಲು ಬರುತ್ತಿದ್ದರು. ಓದುತ್ತಿದ್ದವರ ಗಂಟಲು ಮಳೆಗೆ ಕೂತುಹೋಗಿತ್ತು.

"ಮಳಿಗಾಲದಾಗ ನಿಮಗ ಕೆಲಸ ಇಲ್ಲ. ಕೆಲಸ ಇಲ್ಲದ ಕೈ ಮಂದಿ ಟೋಪಿಗೆ ಹೋಗ್ತಾವ. ಶ್ರಾವಣ ಮುಗಿಯೂತನಕ ನೀವು ಓದಬೇಕು. ಈ ಇಬ್ಬರೂ ಮುಂದ ಕುಂತು ಕೇಳಬೇಕು" ಎಂದರು. ಹೋಗುವಾಗ ಬಾಗಿಲಲ್ಲಿ ತಿರುಗಿ, ಟೋಪಿಯನ್ನು ಬೆರಳಿನಿಂದ ಬಾರಿಸಿ, "ಖಂಜಿ ಮಾತ್ರ ಛಲೋ ಹಾಕೀರಿ. ಉಳಿದವೂ ಕೊಟ್ಟ ಕಳಸ್ತೇನಿ" ಎಂದರು.

ಹೀಗೆ ನಮ್ಮ ಮಾಮಾ ಪುರಾಣಿಕರಾದರು. ಅವರು ಕಲಿತದ್ದು ಕನ್ನಡ ಶಾಲೆಯಲ್ಲಿ. ಮರಾಠಿ ಮಾತಾಡಲು ನೀರು ಕುಡಿದಷ್ಟು ಸಲೀಸು, ಓದಲು ಮಾತ್ರ ಘಟ್ಟ ಹತ್ತುವ ಎಸ್ಟಿಯಂತೆ ಏದುಸಿರು. ಹೆಗಲ ಮೇಲೆ ಶಾಲು ಹೊದ್ದು, ಒಂದೊಂದು ಅಕ್ಷರಕ್ಕೂ ಗೇರು ಬದಲಿಸುತ್ತಾ ಓದುತ್ತಿದ್ದರು. ಮೊದಲ ದಿನ ಹೆಂಗಸರು ಸಭ್ಯತೆಯಿಂದ ಕೇಳಿದರು. ಎರಡನೆಯ ದಿನ ಬತ್ತಿ ಹೊಸೆಯಲು ಹತ್ತಿ ತಂದರು. ಮುಂದೆ ಕೆಲವರು ಗೋಡೆಗೆ ಒರಗಿ ಕಣ್ಣು ಮುಚ್ಚಿದರು. ಅದು ಧ್ಯಾನವಲ್ಲ ಎಂದು ಗೊರಕೆಯೇ ಹೇಳುತ್ತಿತ್ತು.

"ನಮ್ಮ ವಿಹಾರದಾಗ ಸಾಲಿಗೆ ಹೋಗೂ ಪೋರಿ ಇದಕ್ಕಿಂತ ಛಲೋ ಓದತಾಳ್ರಿ" ಎಂದು ಜಾಬರ್ ನನ್ನ ಕಿವಿಯಲ್ಲಿ ಪಿಸುಗುಟ್ಟಿದ. ಅವನ ಪಿಸುಮಾತು ಅಡುಗೆಮನೆಗೂ ಕೇಳಿಸಿತು.

ಈ ನಡುವೆ ಮಾಮಿಗೆ ಸುದ್ದಿ ಮುಟ್ಟಿತು. ಟೆಂಪೋದ ಸುದ್ದಿಯಲ್ಲ, ಆ ವಿಡಿಯೋದಲ್ಲಿ ಮಾಮಾನ ಮುಖ ಜಾಬರನ ಛತ್ರಿಯ ಮರೆಗೆ ಹೋಗಿತ್ತು. ಗುರೂಜಿಯ ಸೊಸೆ ಪೋಥಿ ಓದುವುದರ ಫೋಟೋ ತೆಗೆದು ಯಾರಿಗೋ ಕಳಿಸಿದ್ದಳು. ಅದು ಕೊಲ್ಹಾಪುರಕ್ಕೆ ಹೋಗಿ, ಅಲ್ಲಿನ ನಮ್ಮ ಬೀಗರ ಮನೆಯಿಂದ ಮುರಗೂಡಕ್ಕೆ ಹೋಗಿ, ಕೊನೆಗೆ ಗಡಹಿಂಗ್ಲಜ ಮುಟ್ಟಿತು. ಮೊಣಕಾಲಿಗೆ ಎಣ್ಣೆ ಹಚ್ಚಿಸಿಕೊಳ್ಳಲು ಹೋದ ಗಂಡ ಶಾಲು ಹೊದ್ದು ಪುರಾಣ ಓದುತ್ತಿದ್ದಾನೆ. ಮನೆಯಲ್ಲಿ ದೇವರಿಗೆ ದೀಪ ಹಚ್ಚು ಎಂದರೆ ಕಡ್ಡಿಪೆಟ್ಟಿಗೆ ಎಲ್ಲಿ ಎಂದು ಕೇಳುವ ಗಂಡ. ಮಾಮಿ ಎಮ್ಮೆಗಳನ್ನು ಪಕ್ಕದವರಿಗೆ ಒಪ್ಪಿಸಿ, ಒಂದು ಡಬ್ಬಿ ಕರದಂಟು ಹಿಡಿದುಕೊಂಡು ಬಂದರು. ಸಂಜೆ ಪೋಥಿಗೆ ಮೊದಲ ಸಾಲಿನಲ್ಲಿ, ಮಾಮಾನ ಎದುರಿಗೇ ಕೂತರು. ಮಾಮಿ ಗಟ್ಟಿ ಹೆಂಗಸು. ಅವರು ಕೂತರೆ ಸಭೆ ತುಂಬಿದಂತೆ ಕಾಣುತ್ತದೆ.

ಆ ದಿನದ ಭಾಗ ಯಾವುದು ಅಂದರೆ, ದೇವರು ಮೀನಾಗಿ ಬಂದ ಕಥೆ.

ಮಾಮಾ ಪುಟ ತೆರೆದರು. ನೋಡಿದರು. ಹೆಂಡತಿಯನ್ನು ನೋಡಿದರು. ಮತ್ತೆ ಪುಟ ನೋಡಿದರು. ಒಂದೆರಡು ಸಾಲು ತಡವರಿಸಿ ಓದಿ, ಬೆವರು ಒರೆಸಿಕೊಂಡು, "ಈ ಭಾಗ ನಾ ಬಾಯಲೇನ ಹೇಳ್ತೇನಿ" ಎಂದು ಪೋಥಿ ಮುಚ್ಚಿಟ್ಟರು. ಗುರೂಜಿ ಹುಬ್ಬೇರಿಸಿದರು, ಬೇಡ ಎನ್ನಲಿಲ್ಲ.

"ಒಬ್ಬ ರಾಜ ಇದ್ದ" ಎಂದು ಸುರು ಮಾಡಿದರು. "ನದ್ಯಾಗ ನಿಂತು ಬೊಗಸಿಲೆ ನೀರ ತಗೊಂಡ. ಬೊಗಸ್ಯಾಗ ಒಂದ ಸಣ್ಣ ಮೀನ ಬಂತು. ಹೀಂಗ, ಕಿರಿಬೆರಳ ಅಷ್ಟ. ನನ್ನ ದೊಡ್ಡ ಮೀನ ತಿಂತಾವ, ಉಳಸು ಅಂತು. ರಾಜ ಮನಿಗೆ ಒಯ್ದು ಗಡಿಗ್ಯಾಗ ಬಿಟ್ಟ. ಮುಂಜಾನಿ ಅನ್ನೂದ್ರಾಗ ಗಡಿಗಿ ಸಾಲವಲ್ತು. ಬಾವ್ಯಾಗ ಬಿಟ್ಟ. ಬಾವೀನೂ ಸಾಲವಲ್ತು."

ಬತ್ತಿ ಹೊಸೆಯುತ್ತಿದ್ದ ಒಬ್ಬಾಕೆ ಕೈ ನಿಲ್ಲಿಸಿ, "ಯಾ ಜಾತಿ ಮೀನ್ರಿ ಅದು?" ಎಂದಳು.

"ಪೋಥ್ಯಾಗ ಬರದಿಲ್ಲವಾ. ಆದ್ರ ಇಷ್ಟ ಜಲ್ದಿ ಬೆಳೀತಂದ್ರ ಕಟ್ಲಾನ ಇರಬೇಕು. ಉಳಿದವು ಇಷ್ಟ ಬೆಳಿಯೂದಿಲ್ಲ."

ಗುರೂಜಿ ಕೆಮ್ಮಿದರು. ಮಾಮಾಗೆ ಕೇಳಿಸಲಿಲ್ಲ. ಮೀನು ಕಥೆಯೊಳಗೆ ಬಂದದ್ದೇ ತಡ ಅವರು ನಮ್ಮನ್ನೆಲ್ಲ ಬಿಟ್ಟು ಹೊರಟುಹೋಗಿದ್ದರು. ಪ್ರಳಯದ ನೀರು ಬಂತು; ಅದು ಯಾವ ಬಣ್ಣದ್ದು, ಅದರಲ್ಲಿ ಮೀನು ಯಾಕೆ ತಳ ಬಿಟ್ಟು ಮೇಲೆ ಬರುತ್ತದೆ, ಎಲ್ಲವನ್ನೂ ಹೇಳಿದರು. ರಾಜ ದೋಣಿಯನ್ನು ದೊಡ್ಡ ಹಾವಿನಿಂದ ಮೀನಿನ ಕೋಡಿಗೆ ಕಟ್ಟುವ ಭಾಗ ಬಂದಾಗ ಎದ್ದೇ ನಿಂತರು. ಶಾಲನ್ನು ಹೆಗಲಿನಿಂದ ತೆಗೆದು ಒಂದು ತುದಿಯನ್ನು ಜಾಬರನ ಕೈಗೆ ಕೊಟ್ಟರು.

"ನೀ ಮೀನ."

"ಹೂನ್ರಿ" ಎಂದು ಜಾಬರ್ ಅಭ್ಯಾಸದಿಂದ ಎದ್ದ.

"ಈಗ ಎಲ್ಲಾರೂ ಏನ ತಿಳ್ಕೋತಾರ? ಕಟ್ಟಿದ್ವಿ, ಮೀನ ಎಳಕೊಂಡ ಹೋತು, ಮುಗೀತು ಅಂತ. ಹಂಗಿಲ್ಲದು. ಅದು ಎಳದಾಗ ನೀವು ಎಳದ್ರಿ ಅಂದ್ರ ಹಾವೂ ಹರೀತು, ದೋಣೀನೂ ಮುಳುಗ್ತು, ನಾವ್ಯಾರೂ ಇವತ್ತ ಇಲ್ಲಿ ಕುಂದರತಿದ್ದಿಲ್ಲ. ಅದು ಎಳದಾಗ ಬಿಡಬೇಕು. ಅದು ನಿಂತಾಗ ಎಳೀಬೇಕು. ಜಗತ್ತ ಉಳಿದಿದ್ದು ಇದರಾಗ."

ಜಾಬರ್ ಶಾಲು ಹಿಡಿದು ಹೆಂಗಸರ ನಡುವೆ ಓಡಿದ. ಮಾಮಾ ಬಿಟ್ಟರು, ಎಳೆದರು, ಮತ್ತೆ ಬಿಟ್ಟರು. ಒಬ್ಬರೂ ಮಲಗಿರಲಿಲ್ಲ. ಹಿಂದಿನ ಸಾಲಿನವರು ಕಾಣಲೆಂದು ಮೊಣಕಾಲೂರಿ ನಿಂತಿದ್ದರು. ಮೀನು ದೋಣಿಯನ್ನು ಗುಡ್ಡದ ತುದಿಗೆ ಮುಟ್ಟಿಸಿದಾಗ ಹೆಂಗಸರೆಲ್ಲ ನಕ್ಕು ಕೈಮುಗಿದರು. ಗುರೂಜಿ ಬಾಯಿಗೆ ಉಪರಣಿ ಅಡ್ಡ ಹಿಡಿದಿದ್ದರು. ಭುಜ ಮಾತ್ರ ಕುಣಿಯುತ್ತಿತ್ತು.

ಆಗ ಆ ಬತ್ತಿಯ ಹೆಂಗಸೇ ಕೇಳಿದಳು. "ನಿಮಗ ಮೀನಿಂದು ಇಷ್ಟೆಲ್ಲಾ ಹೆಂಗ ಗೊತ್ತರಿ ಅಣ್ಣಾರ? ನೀವು ತಿನ್ನವರಲ್ಲ, ಹಿಡಿಯವರಲ್ಲ."

ಮಾಮಾ ಶಾಲು ಹಿಡಿದುಕೊಂಡೇ ನಿಂತರು. ಮೊದಲ ಸಾಲಿನಿಂದ ಮಾಮಿ, "ಹೇಳ್ರಿ" ಎಂದರು.

"ಅದು... ಪಂಪಿನ ಕಡೆ ಕುಂತಾಗ ಸುಮ್ಮ ನೋಡತಿರತೇನಿ."

"ಪಂಪಿನ ಮೋಟರಿಗೆ ಬಾಲ ಇರತೈತೇನ್ರಿ?" ಎಂದರು ಮಾಮಿ.

ಮಂಗಳಾರತಿ ಆಯಿತು. ಪ್ರಸಾದವೆಂದು ಮಾಮಿಯ ಕರದಂಟನ್ನು ಹಂಚಿದರು. ಮಾಮಾಗೂ ಒಂದು ತುಂಡು ಸಿಕ್ಕಿತು, ಅವರು ಬಾಯಿಗೆ ಹಾಕಲಿಲ್ಲ. ನಮ್ಮ ಮನೆಗೆ ಬಂದ ಮೇಲೆ ಜಗುಲಿಯ ಮೇಲೆ ವಿಚಾರಣೆ ನಡೆಯಿತು. ಅವ್ವ ಒಳಗಿನಿಂದ ಕಿವಿ ಕೊಟ್ಟಿದ್ದಳು. ನಾನೂ ಜಾಬರನೂ ಹೋಗಲು ಎದ್ದರೆ ಮಾಮಾ ಕಣ್ಣಿನಲ್ಲೇ ತಡೆದರು.

"ನಿಮ್ಮ ಅಂಗಿ ಒಗಿಯಾಕಿ ನಾನು" ಎಂದರು ಮಾಮಿ. "ಲಗ್ನಾದ ಮರುವರ್ಷಾನ ಗೊತ್ತಾಗೇತಿ. ಇದನ್ನ ಬಿಟ್ಟು ಬ್ಯಾರೆ ಯಾವ ಚಟ ಇಲ್ಲಲ, ಇರ್ಲಿ ಅಂತ ಸುಮ್ಮನಿದ್ದೆ."

ಮಾಮಾ ಮುಖ ಎತ್ತಿದರು. ಬಿಡುಗಡೆ ಇಷ್ಟು ಸುಲಭವೆಂದು ಅವರು ನಂಬಿರಲಿಲ್ಲ.

"ಒಂದ ಹೇಳ್ರಿ. ಇಷ್ಟ ವರ್ಷದಾಗ ಹಿಡದ ದೊಡ್ಡ ಮೀನ ಯಾವುದು?"

ಮಾಮಾ ಎಡಗೈ ಚಾಚಿ, ಬಲಗೈಯನ್ನು ಭುಜದ ಮೇಲೆ ಇಟ್ಟರು. ನಮ್ಮನ್ನು ನೋಡಿದರು. ನಾವು ನೆಲ ನೋಡಿದೆವು. ಬಲಗೈ ಮೊಣಕೈಗೆ ಇಳಿಯಿತು. ಮಾಮಿ ಕಣ್ಣು ಮಿಟುಕಿಸದೆ ಕಾದರು. ಅದು ಮಣಿಕಟ್ಟಿಗೆ ಬಂದು ನಿಂತಿತು.

"ಇಷ್ಟ?"

"ಹೂಂ."

ಮಾಮಿಗೆ ಸಿಟ್ಟು ಬಂದದ್ದು ಆವಾಗ. "ನಾ ಏನ ತಿಳ್ಕೊಂಡಿದ್ದೆ? ದೊಡ್ಡ ದೊಡ್ಡ ಮೀನ ಹಿಡದು ಪಾಪ ಕಟ್ಟಿಕೊಳ್ಳಾಕತ್ಯಾರ ಅಂತ. ಸೋಮವಾರಕ್ಕೊಮ್ಮೆ ನಿಮ್ಮ ಹೆಸರಲೆ ಬುಟ್ಟಿಗಟ್ಟಲೆ ಬಿಲ್ವಪತ್ರಿ ಏರಿಸೇನಿ. ಆ ಗಿಡದ ಮುಳ್ಳ ಚುಚ್ಚಿ ಕೈ ನೋಡ್ರಿ ಹೆಂಗಾಗೇತಿ. ಈ ಅಂಗೈಯಷ್ಟ ಮೀನಿಗೆ ಅಷ್ಟ ಪತ್ರಿ ಯಾಕ ಬೇಕಿತ್ತು?"

ಒಳಗಿನಿಂದ ಅವ್ವ ನಕ್ಕಿದ್ದು ಕೇಳಿಸಿತು. ಮೀನಿನ ಮಾತಿಗೆ ಅವಳು ನಕ್ಕದ್ದು ಅದೇ ಮೊದಲು. ಮಾಮಾ ಮಾತ್ರ ನಗಲಿಲ್ಲ. ಕದ್ದು ಮಾಡಿದ್ದಕ್ಕೆ ಕ್ಷಮೆ ಸಿಕ್ಕಿತ್ತು, ಸಣ್ಣದನ್ನು ಮಾಡಿದ್ದಕ್ಕೆ ಸಿಕ್ಕಿರಲಿಲ್ಲ. ಆ ರಾತ್ರಿ ಅವರು ಊಟ ಸರಿಯಾಗಿ ಮಾಡಲಿಲ್ಲ.

ಶ್ರಾವಣ ಮುಗಿಯುವವರೆಗೂ ಅವರು ಪೋಥಿ ಹೇಳಿದರು. ಓದಲಿಲ್ಲ, ಹೇಳಿದರು. ಯಾವ ದೇವರ ಕಥೆಯಾದರೂ ನಡುವೆ ಎಲ್ಲೋ ಒಂದು ನದಿ ಬರುತ್ತಿತ್ತು. ಗುರೂಜಿಯ ಪಡಸಾಲೆ ಸಾಲದೆ ಜನ ಕಟ್ಟೆಯ ಮೇಲೆ ಕೂತರು. ಮಗ್ಗದ ಸದ್ದಿಗೆ ಕಥೆ ಕೇಳಿಸುವುದಿಲ್ಲವೆಂದು ಓಣಿಯ ಹೆಂಗಸರೇ ತಕರಾರು ಮಾಡಿ, ಆ ಹೊತ್ತಿಗೆ ಮಗ್ಗ ನಿಲ್ಲಿಸುವಂತೆ ಶೆಡ್ಡಿನವರನ್ನು ಒಪ್ಪಿಸಿದರು. ಎಷ್ಟೋ ವರ್ಷ ದೂರು ಕೊಟ್ಟೂ ಆಗದಿದ್ದದ್ದು ಆಯಿತೆಂದು ಗುರೂಜಿ ಮಾಮಾನಿಗೆ ಒಂದು ಶಾಲು ಹೊದಿಸಿದರು.

ದಸರೆಯ ಹೊತ್ತಿಗೆ ಹಿರಣ್ಯಕೇಶಿ ತಿಳಿಯಾಯಿತು. ನಾನೂ ಜಾಬರನೂ ಬೈಕಿನ ಮೇಲೆ ಹೋದೆವು. ಮಾಮಾ ಈ ಸಲ ಗೋಣಿಚೀಲವಿಲ್ಲದೆ, ಕೋಲನ್ನು ಹೆಗಲ ಮೇಲೆ ಇಟ್ಟುಕೊಂಡು ಊರ ನಡುವೆ ನಡೆದು ಬಂದರು. ಹಿಂದೆ ಬುತ್ತಿ ಹೊತ್ತುಕೊಂಡು ಮಾಮಿ. ಒಮ್ಮೆ ಕಣ್ಣಾರೆ ನೋಡಿಯೇಬಿಡುತ್ತೇನೆ ಎಂದು ಹಟ ಹಿಡಿದಿದ್ದರಂತೆ.

ಮಾಮಿ ದಂಡೆಯ ಮೇಲೆ ಕೂತು ಒಂದೇ ಸವನೆ ಮಾತಾಡಿದರು. ಯಾರ ಮಗಳಿಗೆ ಎಲ್ಲಿಂದ ವರ ಬಂದ, ಬಿದ್ರಿಯ ಸಕ್ಕರೆ ಕಾರ್ಖಾನೆ ಈ ವರ್ಷ ಯಾವಾಗ ಸುರುವಾಗುತ್ತದೆ, ಯಾರ ಎಮ್ಮೆ ಒದೆಯುತ್ತದೆ. ಬೆಂಡು ಅಲ್ಲಾಡಲಿಲ್ಲ. ಮಾಮಾ ಸುಮ್ಮನಿರು ಎನ್ನಲು ಬಾಯಿ ತೆರೆದು ಮತ್ತೆ ಮುಚ್ಚಿದರು. ಬಿಸಿಲು ಏರಿದ ಮೇಲೆ ಮಾಮಿಗೆ ಬೇಜಾರಾಗಿ, ಮಾಮಾ ಕಲಸಿಟ್ಟಿದ್ದ ಹಿಟ್ಟಿನ ಮೇವನ್ನು ಮೂಸಿ ನೋಡಿದರು.

"ಇದನ್ನ ಯಾರ ತಿಂತಾರ? ನಾನಾಗಿದ್ರೂ ಮುಟ್ಟತಿದ್ದಿಲ್ಲ" ಎಂದು ಅದನ್ನು ಚೆಲ್ಲಿದರು. ಬುತ್ತಿಯ ಜೋಳದ ರೊಟ್ಟಿಯ ತುಂಡು ನೆನೆಸಿ, ಶೇಂಗಾ ಹಿಂಡಿ ಸೇರಿಸಿ, ಸ್ವಲ್ಪ ಬೆಲ್ಲ ಹಾಕಿ ನಾದಿ ಉಂಡೆ ಮಾಡಿಕೊಟ್ಟರು.

ಬೆಂಡು ನೀರಿಗೆ ಬಿದ್ದು ಇನ್ನೂ ನೆಟ್ಟಗಾಗಿರಲಿಲ್ಲ, ಮಾಯವಾಯಿತು. ಕೋಲು ಬಾಗಿತು. ಮಾಮಾ ಬಿಟ್ಟರು, ಎಳೆದರು, ಬಿಟ್ಟರು. ಮಾಮಿ ಎದ್ದು ನಿಂತು ಗಂಡನ ಧೋತರದ ಹಿಂಬದಿ ಹಿಡಿದುಕೊಂಡರು. ನಡುನೀರಿನಲ್ಲಿ ಏನೋ ಒಂದು ಬೆನ್ನು ಹೊರಳಿದಂತೆ ಕಂಡಿತು, ಟಣ್ ಎಂದು ದಾರ ಹರಿಯಿತು, ಮಾಮಾ ಮಾಮಿಯ ಮೇಲೆ ಬಿದ್ದರು. ಇಬ್ಬರೂ ಕೆಸರಿನಲ್ಲಿ ಕೂತು ನೀರನ್ನೇ ನೋಡಿದರು.

ಅದು ಎಷ್ಟು ದೊಡ್ಡದಿತ್ತೆಂದು ನಾನು ಹೇಳಲಾರೆ. ಕಂಡದ್ದು ಒಂದು ಗಳಿಗೆ. ಕಲ್ಲಿಗೆ ದಾರ ಸಿಕ್ಕಿದ್ದರೂ ಸಿಕ್ಕಿರಬಹುದು ಎಂದು ಜಾಬರನ ಅಭಿಪ್ರಾಯ. ಅದನ್ನು ಅವನು ಜೀವನದಲ್ಲಿ ಮೊದಲ ಸಲ ಮೆತ್ತಗೆ ಹೇಳಿದ.

ಸಂಜೆ ಊರಿಗೆ ಮರಳಿದಾಗ ಮಾಮಿಯ ಸೀರೆಯ ಕೆಸರು ನೋಡಿ ಪಕ್ಕದ ಮನೆಯ ಹೆಂಗಸರು ಏನಾಯಿತೆಂದು ಕೇಳಿದರು. ಮಾಮಿ ಬುತ್ತಿಯ ಗಂಟನ್ನು ಕಟ್ಟೆಯ ಮೇಲಿಟ್ಟು ಎರಡೂ ಕೈ ಅಗಲಿಸಿದರು. ಸಾಲಲಿಲ್ಲವೆಂದು ಕಂಡಿತೋ ಏನೋ, ಒಂದು ಹೆಜ್ಜೆ ಪಕ್ಕಕ್ಕೆ ಸರಿದು, ಬಾಗಿಲಿನ ಚೌಕಟ್ಟಿನಿಂದ ತುಳಸಿಕಟ್ಟೆಯ ತನಕ ತೋರಿಸಿದರು.

"ಖರೆ ಏನ್ರಿ?" ಎಂದು ಹೆಂಗಸರು ಮಾಮಾನ ಕಡೆ ತಿರುಗಿದರು.

ಮಾಮಾ ಕೋಲನ್ನು ಗೋಡೆಗೆ ಒರಗಿಸಿ, ವಿಭೂತಿಯ ಮೇಲಿನ ಕೆಸರು ಒರೆಸಿಕೊಂಡು, ಸಾವಕಾಶವಾಗಿ ತಲೆದೂಗಿದರು.